ಗೋಡೆ ತುಟ್ಟಿಯಾದ ವರ್ಷ

ಟಿಳಕವಾಡಿಯ ರೈಲ್ವೆ ಗೇಟು ಬಿದ್ದಿತ್ತು. ಸಂಜೆ ಆರರ ಹೊತ್ತು. ಆ ಕಡೆಯವರೆಲ್ಲ ಈ ಕಡೆಯವರ ದಾರಿಗೆ ಅಡ್ಡ ನಿಂತಿದ್ದರು, ಈ ಕಡೆಯವರು ಆ ಕಡೆಯವರ ದಾರಿಗೆ. ಇದು ನಮ್ಮೂರಿನ ಪದ್ಧತಿ. ರೈಲಿನ ಸುಳಿವೇ ಇಲ್ಲ. ಅಷ್ಟರಲ್ಲಿ ಕಿಸೆಯಲ್ಲಿ ಫೋನು ನಡುಗಿತು. ಇಂಗ್ಲೆಂಡಿನಿಂದ ಅಕ್ಕನ ಮಗ.

"ಮಾಮಾ, ಭಾಳ ಅನ್ಯಾಯ ಆತು" ಎಂದ.

ಎದೆ ಧಸಕ್ ಎಂದಿತು. ಪರದೇಶದಲ್ಲಿ ಒಬ್ಬನೇ ಇರುವ ಹುಡುಗ. ಕೆಲಸ ಹೋಯಿತೋ, ವೀಸಾದ್ದೇನಾದರೂ ತಕರಾರೋ. "ಏನಾತೋ?" ಅಂದೆ.

"ಸೀಸನ್ ಟಿಕೆಟ್ ಮತ್ತ ಏರಿಸ್ಯಾರ."

ನನಗೆ ತಟ್ಟನೆ ತಿಳಿಯಲಿಲ್ಲ. ಬೆಳಗಾವಿಯಲ್ಲಿ ಸೀಸನ್ ಅಂದರೆ ಆಪೂಸ್ ಹಣ್ಣಿಂದು. ಸೀಸನ್ ಟಿಕೆಟ್ ಅಂದರೆ ರೈಲಿನ ಪಾಸು. ನಮ್ಮ ಆಫೀಸಿಗೆ ಖಾನಾಪುರದಿಂದ ಪಾಸಿನ ಮೇಲೆ ಬರುವವರು ಐದಾರು ಮಂದಿ ಇದ್ದರು. ರೈಲು ತಡವಾದ ದಿನ ಅವರೂ ತಡ. ರೈಲು ಸಮಯಕ್ಕೆ ಬಂದ ದಿನವೂ ತಡ, ಯಾಕಂದರೆ ಸ್ಟೇಶನ್ನಿನಲ್ಲಿ ಚಾ ಕುಡಿಯಲು ಸಮಯ ಸಿಗುತ್ತಿತ್ತು. "ರೈಲಿಂದೇನೋ?" ಅಂತ ಕೇಳಿದೆ.

"ಫುಟ್‌ಬಾಲಿಂದು ಮಾಮಾ! ನಮ್ಮ ಕ್ಲಬ್ಬಿಂದು!"

ಈ "ನಮ್ಮ ಕ್ಲಬ್ಬು" ಅನ್ನುವ ಮಾತು ಕಿವಿಗೆ ಬಿದ್ದರೆ ನನಗೆ ಮೈ ಉರಿಯುತ್ತದೆ. ಹುಡುಗ ಹುಟ್ಟಿದ್ದು ವಡಗಾವಿಯಲ್ಲಿ. ಆ ದೇಶಕ್ಕೆ ಹೋಗಿ ಐದು ವರ್ಷವೂ ಆಗಿಲ್ಲ. ಆದರೆ ಮಾತು ಕೇಳಬೇಕು. "ನಾವು ಸೋತ್ವಿ." "ನಮಗ ಡಿಫೆನ್ಸ್ ಇಲ್ಲ." "ನಾವು ಜನವರಿಯೊಳಗ ಒಬ್ಬ ಛಲೋ ಸ್ಟ್ರೈಕರ್ ತಗೋಬೇಕು." ಅವರಮ್ಮ ಮನೆಗೆ ಸುಣ್ಣ ಹಚ್ಚಿಸಬೇಕು ಅಂದಾಗ ಈ "ನಾವು" ಎಲ್ಲಿತ್ತು? ಆಗ "ನೀವ ನೋಡ್ರಿ" ಅಂದಿದ್ದ.

ಕ್ಲಬ್ಬಿನವರು ಕಳಿಸಿದ ಪತ್ರವನ್ನು ನನಗೂ ಕಳಿಸಿದ್ದ. ಯಾವ ಕ್ಲಬ್ಬು ಅಂತ ಬರೆಯುವುದಿಲ್ಲ. ಬರೆದರೆ ಬೇರೆ ಕ್ಲಬ್ಬಿನ ಹುಡುಗರು ನನ್ನ ಜೊತೆ ಜಗಳಕ್ಕೆ ಬರುತ್ತಾರೆ, ಅವರೂ ಇಲ್ಲೇ ಶಹಾಪುರ, ಅನಗೋಳದಲ್ಲಿ ಹುಟ್ಟಿದವರೇ. ಪತ್ರ "ನಮ್ಮ ನಿಷ್ಠಾವಂತ ಅಭಿಮಾನಿಗಳೇ" ಅಂತ ಶುರುವಾಗುತ್ತದೆ. ಯಾರಾದರೂ ನಿಷ್ಠಾವಂತ ಅಂತ ಕರೆದರೆ ಮೊದಲು ಕಿಸೆ ಮುಟ್ಟಿ ನೋಡಿಕೊಳ್ಳಬೇಕು, ಇದು ನನ್ನ ಅನುಭವ. ಬ್ಯಾಂಕಿನವರು ಹೀಗೇ ಕರೆದ ತಿಂಗಳು ಏನೋ ಒಂದು ಶುಲ್ಕ ಹಾಕುತ್ತಾರೆ. ಕೇಬಲ್ಲಿನವರೂ ಹೀಗೇ. ನಿಷ್ಠೆ ಇಲ್ಲದವನಿಗೆ ರಿಯಾಯಿತಿ, ಇದ್ದವನಿಗೆ ಬಿಲ್ಲು. ಮುಂದೆ ಪತ್ರದಲ್ಲಿ ಖರ್ಚು ಜಾಸ್ತಿಯಾಗಿದೆ, ಕರೆಂಟು ಜಾಸ್ತಿಯಾಗಿದೆ, ಬಹಳ ಯೋಚಿಸಿ, ಬಹಳ ನೊಂದು ಈ ತೀರ್ಮಾನಕ್ಕೆ ಬಂದಿದ್ದೇವೆ ಅಂತೆಲ್ಲ ಇತ್ತು. ಅವನ ಕ್ಲಬ್ಬು ಆಡುವ ಪ್ರೀಮಿಯರ್ ಲೀಗಿನ ಕ್ಲಬ್ಬುಗಳಿಗೆ ಟೀವಿಯಿಂದ ಬರುವ ದುಡ್ಡೇ ಟಿಕೆಟ್ಟಿನ ದುಡ್ಡಿಗಿಂತ ಜಾಸ್ತಿ. ಆ ಮಾತು ಪತ್ರದಲ್ಲಿ ಇರಲಿಲ್ಲ.

"ಅಷ್ಟು ತುಟ್ಟಿ ಆದ್ರ ಬಿಟ್ಟುಬಿಡು" ಅಂದೆ.

"ಬಿಡಾಕ ಬರೂದಿಲ್ಲ ಮಾಮಾ. ಬಿಟ್ರ ಸೀಟ್ ಹೋಗ್ತೈತಿ. ಹಿಂದ ಸಾವಿರಾರು ಮಂದಿ ಪಾಳಿ ಹಚ್ಯಾರ."

ಹತ್ತೊಂಬತ್ತು ಮ್ಯಾಚು. ಇಡೀ ಸೀಸನ್ನಿನಲ್ಲಿ ತವರಿನಲ್ಲಿ ಆಡುವುದು ಅಷ್ಟೇ, ಆ ಟಿಕೆಟ್ಟಿಗೆ ನೋಡಲು ಸಿಗುವುದೂ ಅಷ್ಟೇ. ಅದರಲ್ಲಿ ಅರ್ಧ ಸೋಲುತ್ತಾರೆ ಅಂತ ಅವನೇ ಹೇಳುತ್ತಾನೆ. ಆದರೂ ಬಿಡಲಿಕ್ಕೆ ಬರುವುದಿಲ್ಲವಂತೆ. "ಯಾಕ್ ಬರೂದಿಲ್ಲ ಅನ್ನೂದು ನನಗ ಗೊತ್ತು, ಹೇಳ್ತೀನಿ ಕೇಳು" ಅಂದೆ. ರೈಲಂತೂ ಬರುವ ಹಾಗೆ ಕಾಣಲಿಲ್ಲ. ಆಯಿಯ ಗೋಡೆಯ ಕತೆ ಶುರು ಮಾಡಿದೆ.

ಆಗ ನಾನು ನಾಲ್ಕನೇ ಇಯತ್ತೆ. 1970ರ ದಶಕ. ನಮ್ಮ ಓಣಿಯಿಂದ ಸ್ವಲ್ಪ ದೂರದ ಮೈದಾನದಲ್ಲಿ ಮಳೆಗಾಲದಲ್ಲಿ ಫುಟ್‌ಬಾಲ್ ಪಂದ್ಯಾವಳಿ ನಡೆಯುತ್ತಿತ್ತು. ಮಿಲಿಟರಿಯವರ ತಂಡ ಬರುತ್ತಿತ್ತು, ಗೋವಾದವರು ಬರುತ್ತಿದ್ದರು. ಮೈದಾನದ ಸುತ್ತ ಗೋಣಿತಟ್ಟಿನ ಪರದೆ ಕಟ್ಟಿ ಒಳಗೆ ಹೋಗಲು ಎಂಟಾಣೆ ಟಿಕೆಟ್ ಇಡುತ್ತಿದ್ದರು. ಎಂಟಾಣೆ ನಮ್ಮ ಹತ್ತಿರ ಎಲ್ಲಿಂದ ಬರಬೇಕು? ಮೈದಾನಕ್ಕೆ ಹೊಂದಿ ಒಬ್ಬ ಆಯಿಯ ಮನೆ ಇತ್ತು. ಕೆಂಪು ಜಂಬಿಟ್ಟಿಗೆ ಕಲ್ಲಿನ ಕಂಪೌಂಡು, ಎತ್ತರದ್ದು, ಮೇಲೆ ಕೂಡಲು ಬರುವಷ್ಟು ಅಗಲ. ಅದರ ಮೇಲೆ ಹತ್ತಿದರೆ ಪರದೆಯಾಚೆಗೆ ಇಡೀ ಮೈದಾನ ಕಾಣುತ್ತಿತ್ತು. ಇಡೀ ಅಂದರೆ ಮುಕ್ಕಾಲು. ಬಲಗಡೆಯ ಗೋಲಿಗೆ ಒಂದು ಹುಣಸೆಮರ ಅಡ್ಡ. ಆ ಕಡೆ ಗೋಲಾದರೆ ನಾವು ಕಿವಿಯಿಂದಲೇ ತಿಳಿಯಬೇಕು. ಗೋಲು ಆದರೆ "ಹೋ" ಎಂದು ಏರುವ ಸದ್ದು. ತಪ್ಪಿದರೆ "ಹೋ" ಎಂದು ಇಳಿಯುವ ಸದ್ದು. ಎರಡರ ಫರಕು ಗೊತ್ತಾಗಲು ನನಗೆ ಒಂದು ಇಡೀ ಮಳೆಗಾಲ ಬೇಕಾಯಿತು.

ಮೊದಲ ವರ್ಷ ಆಯಿ ಒಬ್ಬೊಬ್ಬರಿಂದ ಎರಡು ಕೊಡ ನೀರು ಸೇದಿಸಿಕೊಂಡಳು. ಬಾವಿ ಆಳವಿತ್ತು, ಆದರೆ ಮಳೆಗಾಲದಲ್ಲಿ ನೀರು ಮೇಲೇ ಇರುತ್ತಿತ್ತು. ನಾವು ನಕ್ಕೆವು. ಸಸ್ತಾ ಸಿಕ್ಕಿತು ಅಂದುಕೊಂಡೆವು. ಎರಡನೇ ವರ್ಷ ಐದು ಕೊಡ, ಮೇಲೆ ಅಂಗಳದ ಕಸ. ಮೂರನೇ ವರ್ಷ ಅವಳಿಗೆ ಒಂದು ಉಪಾಯ ಹೊಳೆಯಿತು. ದಿನಾ ದಿನಾ ನಮ್ಮ ಜೊತೆ ಬಾಯಿ ಮಾಡುವುದು ಅವಳಿಗೂ ಬೇಸರವಾಗಿತ್ತು ಅಂತ ಕಾಣುತ್ತದೆ. "ಮಳಿಗಾಲಕ್ಕ ಮೊದಲ ಬರ್ರಿ. ಒಂದು ಗಾಡಿ ಕಟ್ಟಿಗಿ ಬರತೈತಿ. ಹಿತ್ತಲಕ್ಕ ಹೊತ್ತು ಒಟ್ಟಿಬಿಡ್ರಿ. ಆಮ್ಯಾಲ ಎಲ್ಲಾ ಮ್ಯಾಚೂ ನೋಡ್ರಿ, ನಾ ಏನೂ ಕೇಳೂದಿಲ್ಲ" ಅಂದಳು.

ಇದು ಸೀಸನ್ ಟಿಕೆಟ್ ಅಲ್ವಾ? ಇಂಗ್ಲೆಂಡಿನವರ ಹೆಸರೂ ಕೇಳದ ಆಯಿ.

ಮೇ ತಿಂಗಳ ಬಿಸಿಲಿನಲ್ಲಿ ಎಂಟು ಹುಡುಗರು ಗಾಡಿ ಕಟ್ಟಿಗೆ ಹೊತ್ತೆವು. ಅಂಗೈ ತುಂಬ ಸೀಳು. ಬದಲಿಗೆ ಆಯಿ ಗೋಡೆಯ ಮೇಲೆ ಇದ್ದಿಲಿನಿಂದ ನಮ್ಮ ನಮ್ಮ ಜಾಗಕ್ಕೆ ಗೆರೆ ಎಳೆಸಿದಳು. ಮೊದಲ ಮಳೆಗೆ ಇದ್ದಿಲು ತೊಳೆದುಹೋಯಿತು, ಜಾಗಕ್ಕಾಗಿ ಗೋಡೆಯ ಮೇಲೇ ಹೊಡೆದಾಟವಾಯಿತು. ಮರುವರ್ಷ ಸುಣ್ಣದಿಂದ ಒಂದರಿಂದ ಎಂಟರವರೆಗೆ ನಂಬರು ಬರೆಸಿದಳು. ನನ್ನದು ಏಳು. ಏಳಕ್ಕೆ ಕೂತವನಿಗೆ ಹುಣಸೆಮರ ಇನ್ನೂ ದಪ್ಪ ಕಾಣುತ್ತದೆ. ಮೂರನೇ ನಂಬರಿನವನಿಗೆ ಗೋಲಿನ ಒಂದು ಕಂಬವಾದರೂ ಕಾಣುತ್ತಿತ್ತು. ಇಬ್ಬರೂ ಹೊತ್ತಿದ್ದು ಅಷ್ಟೇ ಕಟ್ಟಿಗೆ. ಈ ಸಿಟ್ಟು ನನಗೆ ಇನ್ನೂ ಹೋಗಿಲ್ಲ.

ಆ ನಾಲ್ಕನೇ ವರ್ಷವೇ ಗೋಡೆ ತುಟ್ಟಿಯಾಯಿತು. ಕಟ್ಟಿಗೆ ಒಟ್ಟಿ ಆಗಿತ್ತು, ಅರ್ಧ ಪಂದ್ಯಾವಳಿ ಮುಗಿದಿತ್ತು. ಸೆಮಿಫೈನಲ್ಲಿನ ಹಿಂದಿನ ದಿನ ಆಯಿ ಹೊರಗೆ ಬಂದು, ಇನ್ನುಳಿದ ಮ್ಯಾಚುಗಳಿಗೆ ತಲೆಗೆ ಎಂಟಾಣೆ ಅಂದಳು. "ಯಾಕ ಆಯಿ?" ಅಂದೆವು. "ಕಟ್ಟಿಗಿ ತುಟ್ಟಿ ಆಗ್ಯಾವು" ಅಂದಳು. ಕಟ್ಟಿಗೆ ಹೊತ್ತವರು ನಾವು! ಕಟ್ಟಿಗೆ ತುಟ್ಟಿಯಾದರೆ ಹೊತ್ತವನಿಗೆ ಅವಳೇ ಜಾಸ್ತಿ ಕೊಡಬೇಕಲ್ಲ? ಈ ಲೆಕ್ಕ ಆಗಲೂ ತಿಳಿಯಲಿಲ್ಲ, ಅಳಿಯನ ಕ್ಲಬ್ಬಿನ ಪತ್ರ ಓದಿದ ಮೇಲೂ ತಿಳಿಯಲಿಲ್ಲ.

ನಮ್ಮಲ್ಲಿ ಹಿರಿಯನಾದವನು ಎರಡನೇ ನಂಬರಿನವನು. ಅವರ ಮನೆಗೆ ದಿನಪತ್ರಿಕೆ ಬರುತ್ತಿತ್ತು. ವಿಧಾನಸಭೆಯಲ್ಲಿ ಸಭಾತ್ಯಾಗ ಅಂತ ಒಂದು ಮಾಡುತ್ತಾರೆ, ನಾವೂ ಮಾಡೋಣ ಅಂದ. ಹೇಗೆಂದರೆ, ಸದ್ಯಕ್ಕೆ ಉದ್ರಿ ಹೇಳಿ ಗೋಡೆ ಹತ್ತುವುದು. ಮ್ಯಾಚು ನಡೆದಿರುವಾಗ ಆಯಿ ದುಡ್ಡು ಕೇಳಲು ಬಂದರೆ ಎಂಟೂ ಮಂದಿ ಒಮ್ಮೆಲೇ ಧುಮುಕುವುದು. ಖಾಲಿ ಗೋಡೆ ನೋಡಿ ಆಯಿಗೆ ನಾಚಿಕೆಯಾಗಬೇಕು. ಊರಿಗೇ ಗೊತ್ತಾಗಬೇಕು.

ಮರುದಿನ ಜಿಟಿಜಿಟಿ ಮಳೆ. ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಕೂತಿದ್ದೆವು. ಆಟ ಅರ್ಧ ಮುಗಿದು ಮತ್ತೆ ಶುರುವಾಗಿತ್ತು. ಆಯಿ ಬಂದು ಕೆಳಗೆ ನಿಂತು ಕೈ ಚಾಚಿದಳು. ಎರಡನೇ ನಂಬರಿನವನು ಸೀಟಿ ಹೊಡೆದ. ಎಂಟು ಮಂದಿ ದಪ್ ದಪ್ ಅಂತ ಕೆಸರಿಗೆ ಬಿದ್ದೆವು. ಮೈದಾನದಲ್ಲಿ ಒಬ್ಬನೇ ಒಬ್ಬ ಈ ಕಡೆ ತಿರುಗಿ ನೋಡಲಿಲ್ಲ. ಆಯಿ ಗೋಡೆಯನ್ನು ನೋಡಿದಳು, ನಮ್ಮನ್ನು ನೋಡಿದಳು. "ಛಲೋ ಆತು" ಅಂದಳು. ಒಳಗೆ ಹೋಗಿ, ನಾಲ್ಕು ದಿನದಿಂದ ಒಣಗದ ಒಂದು ಹಸಿ ಕೌದಿ ತಂದು ಒಂದರಿಂದ ಎಂಟರವರೆಗೆ ಹರವಿಬಿಟ್ಟಳು. ಮಳೆ ನಿಂತಿರಲಿಲ್ಲ. ಅದು ಒಣಗಲಿಕ್ಕೆ ಅಲ್ಲ ಅಂತ ನಮಗೂ ಗೊತ್ತಿತ್ತು.

ಆಗ ಬಂತು "ಹೋ". ಏರುವ "ಹೋ". ಅದೂ ಎಡಗಡೆಯಿಂದ. ನಮಗೆ ಕಾಣುವ ಕಡೆಯಿಂದ!

ಮಧ್ಯದ ಗೆರೆಯ ಹತ್ತಿರದಿಂದ ಒಬ್ಬ ಒದ್ದ ಬಾಲು, ಗೋಲು ಕಾಯುತ್ತ ಕೆಸರಿನಲ್ಲಿ ಕಾಲು ಜಾರಿದ ಗೋಲಿಯ ತಲೆಯ ಮೇಲೆ ಹೋಗಿ ಒಳಗೆ ಬಿತ್ತಂತೆ. ಅಂಥ ಗೋಲು ಆ ಮೈದಾನದಲ್ಲಿ ಮತ್ತೆ ಆಗಲಿಲ್ಲ ಅಂತ ಊರೇ ಹೇಳುತ್ತಿತ್ತು. ನಾವು ಗೋಡೆಯ ಈ ಕಡೆ ಕೆಸರು ಒರೆಸಿಕೊಳ್ಳುತ್ತ ನಿಂತಿದ್ದೆವು. ಫೈನಲ್ ದಿನ ಎಂಟೂ ಮಂದಿ ಎಲ್ಲೆಲ್ಲಿಂದಲೋ ಎಂಟಾಣೆ ಹೊಂದಿಸಿಕೊಂಡು ಬಂದೆವು. ಆಯಿ ಒಂದು ಮಾತೂ ಆಡದೆ ದುಡ್ಡು ಎಣಿಸಿ ಸೆರಗಿಗೆ ಗಂಟು ಹಾಕಿಕೊಂಡಳು. "ಕೌದಿ ಇನ್ನೂ ಹಸೀನ ಐತಿ, ಸರದು ಕೂಡ್ರಿ" ಅಂದಳು. ಫೈನಲ್ಲಿನ ಮೂರೂ ಗೋಲು ಹುಣಸೆಮರದ ಕಡೆ ಆದವು.

ಇಷ್ಟು ಹೇಳುವಷ್ಟರಲ್ಲಿ ಒಂದು ಗೂಡ್ಸ್ ಗಾಡಿ ಹೋಗಿತ್ತು. ಗೇಟು ಏಳಲಿಲ್ಲ. ಇನ್ನೊಂದು ಇದೆ ಅಂತ ಕಾಣುತ್ತದೆ.

ಅಳಿಯ ನಗಲಿಲ್ಲ. "ಇದು ಖರೇನ ಇಲ್ಲಿ ಆಗೇತಿ ಮಾಮಾ" ಅಂದ. "ಎಂಟು ಮಂದಿ ಅಲ್ಲ, ಹತ್ತು ಸಾವಿರ." 2016ರ ಫೆಬ್ರವರಿ 6. ಲಿವರ್‌ಪೂಲಿನ ಆನ್‌ಫೀಲ್ಡ್ ಮೈದಾನ. ಹೊಸದಾಗಿ ಕಟ್ಟುತ್ತಿದ್ದ ಸ್ಟ್ಯಾಂಡಿನಲ್ಲಿ ಎಲ್ಲಕ್ಕಿಂತ ತುಟ್ಟಿ ಟಿಕೆಟ್ 77 ಪೌಂಡ್ ಅಂತ ಕ್ಲಬ್ಬಿನವರು ಹೇಳಿದ್ದರು. ಆಗಿನ ಲೆಕ್ಕಕ್ಕೆ ನಮ್ಮ ಏಳು ಸಾವಿರದ ಮೇಲೆ, ಒಂದೇ ಮ್ಯಾಚಿಗೆ. ಸಂಡರ್‌ಲ್ಯಾಂಡ್ ಜೊತೆ ಆಟ ನಡೆದಿತ್ತು. ಸರಿಯಾಗಿ 77ನೇ ನಿಮಿಷಕ್ಕೆ ಜನ ಎದ್ದು ನಡೆದರು. ಆಗ ಲಿವರ್‌ಪೂಲ್ ಎರಡು ಗೋಲು ಮುಂದಿತ್ತು, ಎದುರಿನವರದು ಸೊನ್ನೆ. ಇವರು ಮೆಟ್ಟಿಲು ಇಳಿದು ಹೋದ ಮೇಲೆ ಸಂಡರ್‌ಲ್ಯಾಂಡ್ ಒಂದು ಹೊಡೆಯಿತು. ಇನ್ನೊಂದು ಹೊಡೆಯಿತು. ಆಟ 2-2.

ನೋಡಿ, ಗೋಡೆ ಇಳಿದವರ ಹಣೆಬರಹ ಎಲ್ಲ ಕಡೆಯೂ ಒಂದೇ. ಫರಕು ಇಷ್ಟೇ, ಅಲ್ಲಿ ನಾಲ್ಕು ದಿನಕ್ಕೆ ಮಾಲೀಕರು ಕ್ಷಮೆ ಕೇಳಿ 77ರ ಟಿಕೆಟ್ ಕೈಬಿಟ್ಟರು. ನಮ್ಮ ಆಯಿ ಬಿಡಲಿಲ್ಲ. ಅವಳ ಹತ್ತಿರ ಕೌದಿ ಇತ್ತು.

ಲಿವರ್‌ಪೂಲಿನವರು ಎದ್ದು ನಡೆದ ಮೂರೇ ದಿನಕ್ಕೆ ಜರ್ಮನಿಯಲ್ಲಿ ಡಾರ್ಟ್‌ಮಂಡ್ ತಂಡದ ಮಂದಿ ಸ್ಟುಟ್‌ಗಾರ್ಟಿನ ಮೈದಾನಕ್ಕೆ ಟೆನ್ನಿಸ್ ಚೆಂಡು ತೂರಿ ಟಿಕೆಟ್ ದರಕ್ಕೆ ಬೈದರಂತೆ. ಆಟ ನಿಲ್ಲಿಸಿ ಚೆಂಡು ಆರಿಸಬೇಕಾಯಿತು. ಇದು ನನಗೆ ಬಹಳ ಹಿಡಿಸಿತು. ಗೋಡೆಯ ಮೇಲೇ ಕೂತು ಮಾಡಬಹುದಾದ ಜಗಳ. ನಮ್ಮ ಎರಡನೇ ನಂಬರಿನವನಿಗೆ ಇದು ಯಾಕೆ ಹೊಳೆಯಲಿಲ್ಲವೋ. ಆಯಿಯ ಹಿತ್ತಲಲ್ಲಿ ಪೇರಲಕಾಯಿ ಬೇಕಾದಷ್ಟು ಇದ್ದವು.

"ಮತ್ತ ನೀನೂ ಒಂದಿನ ಎದ್ದು ಹೋಗು" ಅಂದೆ.

"ಹೋದ್ರ ಗೋಲ್ ತಪ್ಪತೈತಲ್ಲ ಮಾಮಾ."

ನನಗೂ ರೇಗಿತು. ಇವರು ಅಲ್ಲಿ ಸೀಸನ್ ಟಿಕೆಟ್ ತುಟ್ಟಿ ಅಂತ ಅಳುತ್ತಾರೆ. 2025ರಲ್ಲಿ ನಮಗೆ ಸೀಸನ್ನೇ ಬರುವುದೋ ಇಲ್ಲವೋ ಅನ್ನುವ ಹಾಗಾಗಿತ್ತು. ಐಎಸ್‌ಎಲ್, ಅಂದರೆ ನಮ್ಮ ದೇಶದ ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್, ನಡೆಸುವ ಕರಾರು ಹೊಸದಾಗದೆ ಜುಲೈನಲ್ಲಿ ಲೀಗನ್ನೇ ತಡೆಹಿಡಿದರು. ಸೆಪ್ಟೆಂಬರ್ ಬಂದರೂ ಚೆಂಡು ಉರುಳಲಿಲ್ಲ. ಬೆಂಗಳೂರಿನಲ್ಲಿದ್ದಾಗ ಇದೇ ಅಳಿಯ ಕಂಠೀರವ ಸ್ಟೇಡಿಯಮ್ಮಿನ ವೆಸ್ಟ್ ಬ್ಲಾಕಿನಲ್ಲಿ ಬೆಂಗಳೂರು ಎಫ್‌ಸಿ ತಂಡದ ನೀಲಿ ಅಂಗಿ ತೊಟ್ಟು ಕಿರುಚಿಕೊಂಡು, ರಾತ್ರಿ ಗಂಟಲು ಕಟ್ಟಿಸಿಕೊಂಡು ಫೋನು ಮಾಡುತ್ತಿದ್ದ. ಆಗಲೂ "ನಾವು" ಅಂತಲೇ ಅನ್ನುತ್ತಿದ್ದ. ಆ "ನಾವು" ಬಿಟ್ಟು ಈ "ನಾವು" ಯಾವಾಗ ಹಿಡಿದೆ ಅಂತ ಕೇಳಿದರೆ, "ಎರಡೂ ಅದಾವು ಮಾಮಾ" ಅಂದ. ಎರಡು ಮನೆ ನಡೆಸುವವನ ಹಾಗೆ.

"ಇರಲಿ, ಈಗ ಏನ್ ಮಾಡಾಂವ?" ಅಂದೆ.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಏನ್ ಮಾಡೂದು. ನಿನ್ನೆ ರಾತ್ರೀನ ತಗೊಂಡೆ. ಕಂತಿನ ಮ್ಯಾಲ."

ತಗೊಂಡು ಆದ ಮೇಲೆ ಫೋನು ಮಾಡಿದ್ದಾನೆ! ನನ್ನ ಅರ್ಧ ಗಂಟೆ, ನನ್ನ ಆಯಿಯ ಕತೆ ಎಲ್ಲ ಸುಮ್ನೆ. ಬೈಯಬೇಕು ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಗೇಟು ಎದ್ದಿತು, ಹಿಂದಿನವರೆಲ್ಲ ಒಮ್ಮೆಲೇ ಹಾರ್ನ್ ಹೊಡೆದರು, ಫೋನು ಕಿಸೆಗೆ ಹೋಯಿತು. ಬಿಡಲಿಕ್ಕೆ ಯಾಕೆ ಬರುವುದಿಲ್ಲ ಅಂತ ಹೇಳುವುದು ಹಾಗೇ ಉಳಿಯಿತು. ಮನೆಗೆ ಬಂದು ನೆನಪು ಮಾಡಿಕೊಂಡರೆ ಏನು ಹೇಳಬೇಕು ಅಂದುಕೊಂಡಿದ್ದೆನೋ ಅದೂ ನೆನಪಾಗಲಿಲ್ಲ.

ಆಯಿ ಹೋಗಿ ಎಷ್ಟೋ ವರ್ಷವಾಯಿತು. ಆ ಗೋಡೆ ಈಗ ಇಲ್ಲ, ಅಲ್ಲಿ ಮೂರು ಅಂತಸ್ತಿನ ಅಪಾರ್ಟ್‌ಮೆಂಟು. ಮೇಲಿನ ಮನೆಯವರಿಗೆ ಹುಣಸೆಮರದ ಆಚೆಗೂ ಕಾಣುತ್ತಿರಬೇಕು. ಆಡುವವರೇ ಕಡಿಮೆ.

ಕಳೆದ ಭಾನುವಾರ ಕ್ಷೌರಕ್ಕೆ ಹೋಗಿದ್ದೆ. ಪಕ್ಕದ ಕುರ್ಚಿಯಲ್ಲಿ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತವನು ಅದೇ ಎರಡನೇ ನಂಬರಿನವನು. ಅಂಗಡಿಯ ಹುಡುಗರಿಗೆ ಆ ಗೋಲಿನ ಕತೆ ಹೇಳುತ್ತಿದ್ದ. ಮಧ್ಯದ ಗೆರೆಯಿಂದ ಒದ್ದದ್ದು, ಗೋಲಿ ಜಾರಿದ್ದು, ಬಾಲು ಮಳೆಯಲ್ಲಿ ತೇಲಿ ಬಂದದ್ದು. "ಕಂಬಕ್ಕ ಬಡದು ಒಳಗ ಹೋತು ನೋಡ್ರಿ. ಟಣ್ ಅಂತು. ಈ ಕಣ್ಣಿಲೆ ನೋಡೇನಿ" ಅಂದ. ಕಂಬಕ್ಕೆ ಬಡಿದದ್ದು ನನಗೆ ಹೊಸದು. ಆಮೇಲೆ ನನ್ನ ಕಡೆ ತಿರುಗಿ, "ಹೌದಲ್ಲೋ?" ಅಂದ.

"ಹೌದ್ಹೌದು" ಅಂದೆ. "ಎಡಗಡೆ ಕಂಬಕ್ಕ."