ಗಾಡಿಗೆ ಡಬ್ಬಿ ಹಾಕ್ಸಿದ ಮಾತ್ರಕ್ಕೆ ಪ್ರೀಮಿಯಂ ಇಳಿಯಲ್ಲ

ರಿನ್ಯೂವಲ್ ಹತ್ರ ಬಂದ ಕೂಡ್ಲೆ ಫ್ಲೀಟ್, ಅಂದ್ರೆ ಬಿಸಿನೆಸ್ಸಿಗೆ ಅಂತ ತುಂಬಾ ಗಾಡಿ ಇಟ್ಕೊಂಡಿರೋ ಪರಿಚಯದವರೆಲ್ಲ ಕೇಳೋದು ಒಂದೇ, "ಸಾರ್, ಜಿಪಿಎಸ್ ಹಾಕ್ಸಿದ್ರೆ ಇನ್ಶೂರೆನ್ಸಲ್ಲಿ ಎಷ್ಟು ಬಿಡ್ತಾರೆ?" ಒಂದೇ ಕಾರು ಇರೋರೂ ಹೆಚ್ಚೂಕಮ್ಮಿ ಇದನ್ನೇ ಕೇಳ್ತಾರೆ, ಜಿಪಿಎಸ್ ಬದ್ಲು ಡ್ಯಾಶ್‌ಕ್ಯಾಮ್ ಅಂತಾರೆ ಅಷ್ಟೇ. ದಿನಾ ಟ್ರ್ಯಾಕಿಂಗ್ ಸ್ಕ್ರೀನ್ ನೋಡೋದು, ಗಾಡಿ ಎಲ್ಲಾದ್ರೂ ಗುದ್ದಿದ್ರೆ ಕ್ಲೇಮ್ ಪೇಪರ್ ರೆಡಿ ಮಾಡೋದು ನನ್ನ ಕೆಲ್ಸ, ಹಾಗಾಗಿ ನೇರವಾಗಿ ಹೇಳ್ಬಿಡ್ತೀನಿ. ಫ್ಲೀಟ್ ವಿಷಯದಲ್ಲಿ ಇನ್ಶೂರೆನ್ಸ್ ಕಂಪನಿ ಮೊದ್ಲು ತೆಗೆದು ನೋಡೋದು ನಿಮ್ಮ ಹಳೇ ಲೆಕ್ಕಾನ: ಹಿಂದಿನ ವರ್ಷಗಳಲ್ಲಿ ನೀವು ಕಟ್ಟಿದ ಪ್ರೀಮಿಯಂ ಎಷ್ಟು, ಅವ್ರು ಕ್ಲೇಮ್ ಅಂತ ಕೊಟ್ಟಿದ್ದೆಷ್ಟು. ಈ ಜಿಪಿಎಸ್ ಡಬ್ಬಿ ಹಾಕ್ಸಿದ್ದಕ್ಕೆ ಸಿಗೋ ಡಿಸ್ಕೌಂಟ್ ಸಣ್ಣದು, ಕೆಲವು ಕಡೆ ಅದೂ ಇಲ್ಲ. ದೊಡ್ಡ ದುಡ್ಡು ಉಳಿಯೋದು ಕ್ಲೇಮ್ ಕಮ್ಮಿ ಆದಾಗ, ಅದೂ ಒಂದೆರಡು ರಿನ್ಯೂವಲ್ ಆದ್ಮೇಲೆ. ತೂಕದ ಯಂತ್ರ ತಂದು ಮನೇಲಿಟ್ಟ ಮಾತ್ರಕ್ಕೆ ಯಾರ ತೂಕಾನೂ ಇಳಿಯಲ್ವಲ್ಲ.

ಡಬ್ಬಿ ನಿಜವಾಗ್ಲೂ ಏನ್ಮಾಡುತ್ತೆ ನೋಡಿ. ಜಿಪಿಎಸ್ ಗಾಡಿ ಎಲ್ಲಿದೆ, ಎಷ್ಟು ಸ್ಪೀಡಲ್ಲಿದೆ ಅಂತ ಹೇಳುತ್ತೆ, ಒಳಗಿರೋ ಆಕ್ಸಿಲರೋಮೀಟರ್ ಜೋರು ಬ್ರೇಕ್, ಜೋರು ತಿರುವು, ಗುದ್ದು ಇದನ್ನೆಲ್ಲ ಹಿಡಿಯುತ್ತೆ. ಜೋರು ಬ್ರೇಕ್ ಅಂದ್ರೆ ಎಷ್ಟು ಜೋರು ಅಂತ ಒಬ್ಬೊಬ್ರದು ಒಂದೊಂದು ಲೆಕ್ಕ, ಅಮೆರಿಕದ ಪ್ರೋಗ್ರೆಸಿವ್ ಇನ್ಶೂರೆನ್ಸ್ ಕಂಪನಿಗೆ ಓಡಿಸೋ ರೀತಿ ಅಳೆಯೋ ಸ್ನ್ಯಾಪ್‌ಶಾಟ್ ಅಂತ ಒಂದು ಸ್ಕೀಮ್ ಇದೆ, ಅದರಲ್ಲಿ ಒಂದು ಸೆಕೆಂಡಿನೊಳಗೆ ವೇಗ ಗಂಟೆಗೆ 7 ಮೈಲಿ, ಅಂದ್ರೆ ಸುಮಾರು 11 ಕಿಲೋಮೀಟರ್ ಇಳಿದ್ರೆ ಅದು ಹಾರ್ಡ್ ಬ್ರೇಕ್. ಅಷ್ಟೇನೂ ಜೋರಲ್ಲ ಅದು, ಮುಂದಿನ ಗಾಡಿ ಬಾಲ ಹಿಡ್ಕೊಂಡು ಹೋಗೋ ಅಭ್ಯಾಸ ಇರೋರಿಗೆ ದಿನಕ್ಕೆ ನಾಕು ಸಲ ಬೀಳುತ್ತೆ.

ನಮ್ಮ ಸ್ಕ್ರೀನಲ್ಲಿ ಒಂದು ಸಲ ಹೀಗಾಯ್ತು. ಒಂದೇ ರೂಟಲ್ಲಿ ಹೋಗೋ ಡ್ರೈವರ್‌ಗಳ ಹೆಸ್ರಿನ ಮುಂದೆ ಬರೀ ಕೆಂಪು ಚುಕ್ಕೆ, ಎಲ್ರೂ ಹಾರ್ಡ್ ಬ್ರೇಕ್. ಮ್ಯಾನೇಜರ್ ಎಲ್ರನ್ನೂ ಕರ್ದು ಉಗಿಯೋಕೆ ರೆಡಿ ಆಗಿದ್ರು. ಮ್ಯಾಪ್ ಝೂಮ್ ಮಾಡಿ ನೋಡಿದ್ರೆ ಚುಕ್ಕೆ ಎಲ್ಲ ಒಂದೇ ಜಾಗದಲ್ಲಿ ಗುಡ್ಡೆ ಬಿದ್ದಿವೆ, ಇಳಿಜಾರು ಮುಗಿಯೋ ಕಡೆ ಒಂದು ತಿರುವು, ತಿರುವಿನ ಆಚೆ ಗಾಡಿಗಳು ಸಾಲಾಗಿ ನಿಂತಿರೋದು ಹತ್ರ ಹೋಗೋವರ್ಗೂ ಕಾಣಲ್ಲ. ಯಾವ ಡ್ರೈವರ್ ಆದ್ರೂ ಬ್ರೇಕ್ ಒತ್ತಲೇಬೇಕು. ಅಲ್ಲಿ ಗಾಡಿಗಳು ಸಾಲು ನಿಲ್ಲೋ ಟೈಮಲ್ಲಿ ಬೇರೆ ರೂಟ್ ಕೊಟ್ರು, ಚುಕ್ಕೆ ನಿಂತೋಯ್ತು. ಡ್ರೈವರ್‌ಗಳಿಗೆ ಬೈದಿದ್ರೆ ಏನಾಗ್ತಿತ್ತು ಅಂದ್ರೆ, ಡಬ್ಬಿ ಲೆಕ್ಕದ ಡ್ರೈವಿಂಗ್ ಸ್ಕೋರ್ ಕೆಡುತ್ತೆ ಅಂತ ಬ್ರೇಕ್ ಲೇಟಾಗಿ ಒತ್ತೋನು ಒಬ್ಬ ಹುಟ್ಕೊಳ್ತಿದ್ದ, ಆಮೇಲೆ ದೊಡ್ಡ ಕ್ಲೇಮ್. ಡೇಟಾ ಇದ್ರೆ ಸಾಲ್ದು, ಅದನ್ನ ಕೂತು ನೋಡೋ ತಾಳ್ಮೆ ಇರೋ ಮನುಷ್ಯ ಬೇಕು ಅನ್ನೋದು ಇದಕ್ಕೇ. ತುಂಬಾ ಕಂಪನಿಗಳಲ್ಲಿ ಸಬ್‌ಸ್ಕ್ರಿಪ್ಷನ್ ಕಟ್ತಾರೆ, ಲಾಗಿನ್ ಪಾಸ್‌ವರ್ಡ್ ಯಾರ ಹತ್ರ ಇದೆ ಅಂತ ಯಾರಿಗೂ ಗೊತ್ತಿರಲ್ಲ!

ಟೆಕ್ನಾಲಜಿ ಬಂದ್ರೆ ಮನುಷ್ಯ ಸುಮ್ನೆ ಕೂರಲ್ಲ ಅನ್ನೋದಕ್ಕೆ ಹಳೇ ಉದಾಹರಣೆ ಎಬಿಎಸ್, ಜೋರಾಗಿ ಬ್ರೇಕ್ ಒತ್ತಿದ್ರೂ ಚಕ್ರ ಲಾಕ್ ಆಗದಂಗೆ ನೋಡ್ಕೊಳ್ಳೋ ಸಿಸ್ಟಮ್. 1980ರ ದಶಕದಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಒಂದಷ್ಟು ಟ್ಯಾಕ್ಸಿಗೆ ಎಬಿಎಸ್ ಇತ್ತು, ಒಂದಷ್ಟಕ್ಕೆ ಇರ್ಲಿಲ್ಲ, ಎರಡನ್ನೂ ಹೋಲಿಸಿ ನೋಡಿದಾಗ ಎಬಿಎಸ್ ಇದ್ದವು ಆಕ್ಸಿಡೆಂಟ್ ಏನೂ ಕಮ್ಮಿ ಮಾಡಿರ್ಲಿಲ್ಲ. ಬ್ರೇಕ್ ಚೆನ್ನಾಗಿದೆ ಅನ್ನೋ ಧೈರ್ಯದಲ್ಲಿ ಡ್ರೈವರ್‌ಗಳು ಇನ್ನೂ ಒರಟಾಗಿ ಓಡಿಸ್ತಿದ್ರು.

ಹಾಗಂತ ಎಲ್ಲಾ ಟೆಕ್ನಾಲಜೀನೂ ಹೀಗೇ ಅಂತಲ್ಲ. ತಾನೇ ಬ್ರೇಕ್ ಹಾಕೋ ಸಿಸ್ಟಮ್ ಇದ್ಯಲ್ಲ, ಆಟೋಮ್ಯಾಟಿಕ್ ಎಮರ್ಜೆನ್ಸಿ ಬ್ರೇಕಿಂಗ್, ಅದು ಬೇರೆ ಜಾತಿ. ಅಮೆರಿಕದಲ್ಲಿ ಇನ್ಶೂರೆನ್ಸ್ ಕಂಪನಿಗಳ ದುಡ್ಡಲ್ಲೇ ನಡೆಯೋ ಐಐಎಚ್‌ಎಸ್ ಸಂಸ್ಥೆ ಲೆಕ್ಕ ಹಾಕಿದ ಪ್ರಕಾರ ಬರೀ ವಾರ್ನಿಂಗ್ ಕೊಡೋ ಕಾರುಗಳಲ್ಲಿ ಮುಂದಿನ ಗಾಡಿಗೆ ಹಿಂದಿನಿಂದ ಗುದ್ದೋದು 27% ಕಮ್ಮಿ, ಬ್ರೇಕನ್ನೂ ತಾನೇ ಹಾಕೋ ಕಾರುಗಳಲ್ಲಿ 50% ಕಮ್ಮಿ. ದೊಡ್ಡ ಟ್ರಕ್‌ಗಳ ಬಗ್ಗೆ 2020ರಲ್ಲಿ ನೋಡಿದಾಗ್ಲೂ ಹಿಂದಿನಿಂದ ಗುದ್ದೋದು 40%ಗಿಂತ ಜಾಸ್ತಿ ಇಳಿದಿತ್ತು. ಯೂರೋಪಿಯನ್ ಯೂನಿಯನ್‌ನಲ್ಲಂತೂ 2024ರ ಜುಲೈಯಿಂದ ಮಾರಾಟ ಆಗೋ ಪ್ರತಿ ಹೊಸ ಕಾರಲ್ಲೂ ಇದು ಇರಲೇಬೇಕು. ಹೊಸ ಗಾಡಿ ತಗೊಳ್ಳೋರಿಗೆ ನಾನು ಹೇಳೋದು, ಸನ್‌ರೂಫ್ ಬಿಟ್ಟು ಆ ದುಡ್ಡಲ್ಲಿ ಇದಿರೋ ಮಾಡೆಲ್ ತಗೊಳ್ಳಿ ಅಂತ. ಯಾರೂ ಕೇಳಲ್ಲ, ಸನ್‌ರೂಫೇ ಬೇಕು.

ಆದ್ರೆ ಆಕ್ಸಿಡೆಂಟ್ ಅರ್ಧ ಆದ್ರೆ ಪ್ರೀಮಿಯಮ್ಮೂ ಅರ್ಧ ಆಗ್ಬೇಕಲ್ವಾ ಅಂತ ಕೇಳಿದ್ರೆ, ಇಲ್ಲ. ಆ ಸಿಸ್ಟಮ್ಮಿನ ಕಣ್ಣಿರೋದು ವಿಂಡ್‌ಶೀಲ್ಡ್ ಹಿಂದಿನ ಕ್ಯಾಮೆರಾದಲ್ಲಿ, ಬಂಪರ್ ಹಿಂದಿನ ರೇಡಾರಲ್ಲಿ. ಮುಂಚೆ ಗ್ಲಾಸ್ ಒಡೆದ್ರೆ ಗ್ಲಾಸ್ ಬದಲಾಯಿಸಿ ಕಳಿಸ್ತಿದ್ರು, ಈಗ ಗ್ಲಾಸ್ ಹಾಕಿದ್ಮೇಲೆ ಕ್ಯಾಮೆರಾ ಕ್ಯಾಲಿಬ್ರೇಷನ್ ಮಾಡ್ಬೇಕು, ಗಾಡೀನ ಸಮತಟ್ಟು ಜಾಗದಲ್ಲಿ ನಿಲ್ಸಿ ಮುಂದೆ ಅಳತೆ ಹಿಡಿದು ಟಾರ್ಗೆಟ್ ಬೋರ್ಡ್ ಇಟ್ಟು ಕಂಪ್ಯೂಟರ್ ಕನೆಕ್ಟ್ ಮಾಡಿ ಮಾಡೋ ಕೆಲ್ಸ ಅದು, ಬಿಲ್ ಬೇರೆ. ಅಮೆರಿಕದ ವಾಹನ ಸವಾರರ ಸಂಘ ಎಎಎ 2018ರಲ್ಲೇ ಹೇಳಿತ್ತು, ಇಂಥಾ ಗಾಡಿಗಳ ಡಿಕ್ಕಿ ರಿಪೇರಿಗೆ ಎರಡು ಪಟ್ಟು ಖರ್ಚು ಬರಬಹುದು ಅಂತ. ಕ್ಲೇಮ್ ಸಂಖ್ಯೆ ಇಳಿಯುತ್ತೆ, ಒಂದೊಂದು ಕ್ಲೇಮ್ ದಪ್ಪ ಆಗುತ್ತೆ. ಎಡಗೈಲಿ ಉಳಿಸಿದ್ದನ್ನ ಬಲಗೈಲಿ ಕೊಟ್ಟಂಗೆ.

ಫ್ಲೀಟ್ ಮಾಲೀಕರಿಗೆ ಇನ್ನೊಂದು ವಿಷ್ಯ. ಸ್ಪೀಡು, ಹೈವೇ ಅಂತ ತಲೆ ಕೆಡಿಸ್ಕೊಳ್ತೀರಿ, ನಿಮ್ಮ ಕ್ಲೇಮ್ ಫೈಲ್ ತೆಗೆದು ನೋಡಿ, ರಿವರ್ಸ್ ತಗೊಳ್ಳೋವಾಗ ಕಂಬಕ್ಕೆ ಗುದ್ದಿದ್ದು, ಗೋಡೌನ್ ಗೇಟಿಗೆ ಸವರಿದ್ದು, ಪಕ್ಕದ ಗಾಡಿ ಮಿರರ್ ಹಾರಿಸಿದ್ದು ಇವೇ ತುಂಬಿರುತ್ತೆ. ಒಂದೊಂದೂ ಚಿಲ್ಲರೆ, ಎಲ್ಲಾ ಸೇರಿದ್ರೆ ಲೆಕ್ಕ ಕೆಡ್ಸುತ್ತೆ. ಇದಕ್ಕೆ ದೊಡ್ಡ ಎಐ ಕ್ಯಾಮೆರಾ ಬೇಡ, ಒಂದು ರಿವರ್ಸ್ ಕ್ಯಾಮೆರಾ, ಒಂದು ಸೆನ್ಸರ್, ಹಿಂದೆ ನಿಂತು ಕೈ ತೋರ್ಸೋ ಒಬ್ಬ ಮನುಷ್ಯ, ಇಷ್ಟು ಸಾಕು.

ಡ್ಯಾಶ್‌ಕ್ಯಾಮ್ ಬಗ್ಗೆ ನಂಗೆ ಒಳ್ಳೇ ಅಭಿಪ್ರಾಯಾನೇ ಇದೆ. ಇಬ್ರೂ "ನಂದು ತಪ್ಪಿಲ್ಲ" ಅಂತ ಕೂಗಾಡೋ ಕಡೆ ಗುದ್ದೋಕೆ ಮುಂಚಿನ ಹತ್ತು ಸೆಕೆಂಡಿನ ಕ್ಲಿಪ್ ಸಿಕ್ರೆ ಮಾತೇ ಮುಗೀತು. ಬೇಕಂತ್ಲೇ ಅಡ್ಡ ಬಂದು ಬ್ರೇಕ್ ಹಾಕಿ ದುಡ್ಡು ಕೀಳೋರೂ ಕ್ಯಾಮೆರಾ ಕಂಡ್ರೆ ಜಾಗ ಖಾಲಿ ಮಾಡ್ತಾರೆ. ತಪ್ಪು ನಮ್ಮದೇ ಆಗಿದ್ರೂ ಕ್ಲಿಪ್ಪಿಂದ ಉಪಯೋಗ ಇದೆ, ಅವತ್ತೇ ಇನ್ಶೂರೆನ್ಸಿಗೆ ತಿಳಿಸಿ ಎದುರಿನವರ ಗಾಡಿ ರಿಪೇರಿಗೆ ಬೇಗ ಹೋದ್ರೆ ಬಾಡಿಗೆ ಕಾರು, ಲಾಯರ್ ನೋಟಿಸ್ ಅಂತ ಬಿಲ್ ಬೆಳೆಯೋಕೆ ಟೈಮ್ ಇರಲ್ಲ. ಮೆಮೊರಿ ಕಾರ್ಡ್ ಮಾತ್ರ ಆಗಾಗ ಚೆಕ್ ಮಾಡ್ತಿರಿ, ಬೇಕಾದ ದಿನಾನೇ ಅದು ಕೈ ಕೊಡೋದು.

ಇನ್ನು ಕಳ್ಳತನ. 2022ರ ಸುಮಾರಿಗೆ ಅಮೆರಿಕದಲ್ಲಿ ಹ್ಯುಂಡೈ, ಕಿಯಾ ಕಾರು ಕದಿಯೋದು ಹೇಗೆ ಅಂತ ವಿಡಿಯೋಗಳು ಓಡಾಡಿದ್ದು ನೆನಪಿರಬಹುದು. ಕಾರಣ ತುಂಬಾ ಸಿಂಪಲ್, ಅಲ್ಲಿ 2015ರ ಮಾಡೆಲ್ ತಗೊಂಡ್ರೆ ಬೇರೆ ಕಂಪನಿಗಳ ಕಾರುಗಳಲ್ಲಿ 96%ಗೆ ಇಮ್ಮೊಬಿಲೈಸರ್, ಅಂದ್ರೆ ಸರಿಯಾದ ಕೀ ಇಲ್ದೆ ಇಂಜಿನ್ ಸ್ಟಾರ್ಟ್ ಆಗದಂಗೆ ತಡೆಯೋ ವ್ಯವಸ್ಥೆ ಇತ್ತು, ಈ ಎರಡು ಬ್ರ್ಯಾಂಡಲ್ಲಿ 26%ಗೆ ಮಾತ್ರ. ಕೀಯಲ್ಲಿರೋ ಒಂದು ಸಣ್ಣ ಚಿಪ್ಪಿನ ವಿಷ್ಯ ಅದು! ಕೆಲವು ನಗರಗಳಲ್ಲಿ ಆ ಮಾಡೆಲ್‌ಗಳಿಗೆ ಹೊಸ ಪಾಲಿಸಿ ಕೊಡೋದನ್ನೇ ಕೆಲವು ಇನ್ಶೂರೆನ್ಸ್ ಕಂಪನಿಗಳು ನಿಲ್ಸಿದ್ವು. 2023ರಲ್ಲಿ ಸಾಫ್ಟ್‌ವೇರ್ ಅಪ್‌ಡೇಟ್ ಬಂತು, ಕೋಟೆ ಸೂರೆ ಹೋದ್ಮೇಲೆ ದಿಡ್ಡಿ ಬಾಗ್ಲು ಹಾಕ್ದಂಗೆ.

ಈಗ ಒಂದು ಕಾರಿನವರ ವಿಷ್ಯಕ್ಕೆ ಬರ್ತೀನಿ, ಫೋನಲ್ಲಿ ಆ್ಯಪ್ ಹಾಕ್ಕೊಂಡು ಓಡಿಸೋ ರೀತಿ ನೋಡಿ ಪ್ರೀಮಿಯಂ ಹಾಕೋ ಪಾಲಿಸಿ. ಇದರಲ್ಲಿ ನ್ಯಾಯ ಇದೆ ಅಂತ ನಾನು ಒಪ್ತೀನಿ. ಕಮ್ಮಿ ಓಡಿಸೋರು, ನೆಟ್ಟಗೆ ಓಡಿಸೋರು ಬೇರೆಯವರ ಪಾಲು ಯಾಕೆ ಕಟ್ಬೇಕು? ಯೂರೋಪಿಯನ್ ಯೂನಿಯನ್‌ನಲ್ಲಿ 2012ರ ಡಿಸೆಂಬರ್‌ನಿಂದ ಗಂಡು ಹೆಣ್ಣು ಅಂತ ನೋಡಿ ಬೇರೆ ಬೇರೆ ಪ್ರೀಮಿಯಂ ಹಾಕೋ ಹಾಗಿಲ್ಲ, ಅಂಥಾ ಕಡೆ ಹೊಸದಾಗಿ ಲೈಸೆನ್ಸ್ ತಗೊಂಡ ಹುಡುಗ್ರು ತಾವು ಚೆನ್ನಾಗಿ ಓಡಿಸ್ತೀವಿ ಅಂತ ತೋರ್ಸೋಕೆ ಇರೋ ದಾರೀನೂ ಇದೇ. ಆದ್ರೆ ಲೆಕ್ಕದ ಒಳಗೆ ಹೋಗಿ ನೋಡಿ. ರಾತ್ರಿ ಓಡಿಸಿದ್ರೆ ಸ್ಕೋರ್ ಇಳಿಸೋದುಂಟು, ಹಾಗಾದ್ರೆ ನೈಟ್ ಶಿಫ್ಟ್ ಮುಗಿಸಿ ಬರೋ ನರ್ಸಮ್ಮ ಏನ್ಮಾಡ್ಬೇಕು? ಪಕ್ಕದ ಸೀಟಲ್ಲಿ ಕೂತಿದ್ರೂ ಎಷ್ಟೋ ಸಲ ಆ್ಯಪ್ ನೀವೇ ಓಡಿಸಿದ್ದು ಅಂತ ತಿಳ್ಕೊಳ್ಳುತ್ತೆ, ಹೋಗಿ ತಿದ್ದಬೇಕು.

ನಂಗೆ ನಿಜವಾಗ್ಲೂ ಸಿಟ್ಟು ಬರೋದು ಕೇಳ್ದೇ ತಗೊಳ್ಳೋರ ಮೇಲೆ. ಜನರಲ್ ಮೋಟಾರ್ಸ್ ತನ್ನ ಗ್ರಾಹಕರ ಡ್ರೈವಿಂಗ್ ಡೇಟಾನ ಇನ್ಶೂರೆನ್ಸಿಗೆ ಮಾಹಿತಿ ಮಾರೋ ಕಂಪನಿಗಳಿಗೆ ಕೊಡ್ತಿತ್ತು ಅಂತ 2024ರ ಮಾರ್ಚಲ್ಲಿ ಸುದ್ದಿ ಆಯ್ತು, ಜನಕ್ಕೆ ಗೊತ್ತಾಗಿದ್ದು ಪ್ರೀಮಿಯಂ ಏರಿದ್ಮೇಲೆ. 2025ರ ಜನವರಿಯಲ್ಲಿ ಅಮೆರಿಕದಲ್ಲಿ ಗ್ರಾಹಕರ ಹಿತ ನೋಡೋ ಸರ್ಕಾರಿ ಸಂಸ್ಥೆ ಎಫ್‌ಟಿಸಿ ಕ್ರಮ ತಗೊಂಡು, ಐದು ವರ್ಷ ಇಂಥಾ ಡೇಟಾನ ಹಾಗೆ ಹಂಚಬಾರ್ದು ಅನ್ನೋ ಷರತ್ತು ಮುಂದಿಟ್ಟಿತು. ಡಿಸ್ಕೌಂಟ್ ಆಸೆ ತೋರ್ಸಿ, ಒಪ್ಪಿಗೆ ಕೇಳಿ ತಗೊಳ್ಳೋದು ಬೇರೆ, ಕಾರ್ ಡೆಲಿವರಿ ದಿನ ಖುಷೀಲಿ ಒತ್ತಿದ ಯಾವುದೋ ಬಟನ್ನೇ ಒಪ್ಪಿಗೆ ಅಂತ ತಗೊಳ್ಳೋದು ಬೇರೆ. ಫ್ಲೀಟ್ ಮಾಲೀಕರೂ ಅಷ್ಟೇ, ಡ್ರೈವರ್ ಕಡೆ ತಿರುಗಿರೋ ಕ್ಯಾಮೆರಾ ಹಾಕೋ ಮುಂಚೆ ಆ ವಿಡಿಯೋ ಯಾರು ನೋಡ್ತಾರೆ, ಎಷ್ಟು ದಿನ ಇಟ್ಕೊಳ್ತೀರಿ, ಕೆಲಸದಿಂದ ತೆಗೆಯೋಕೆ ಅದನ್ನ ಬಳಸ್ತೀರಾ ಅಂತ ಅವ್ರಿಗೆ ಮೊದ್ಲೇ ಹೇಳಿ. ಹೇಳದೇ ಹಾಕಿದ ಕ್ಯಾಮೆರಾ ಮೇಲೆ ಎರಡನೇ ದಿನವೇ ಬಟ್ಟೆ ನೇತಾಡ್ತಿರುತ್ತೆ, ನಾನು ಆ ಡ್ರೈವರನ್ನ ದೂರಲ್ಲ.

ರಿನ್ಯೂವಲ್‌ಗೆ ಹೋಗೋವಾಗ ಡಿವೈಸ್ ಬಿಲ್ ಒಂದನ್ನೇ ಹಿಡ್ಕೊಂಡು ಹೋಗ್ಬೇಡಿ. ವರ್ಷದ ಹಿಂದೆ ಎಷ್ಟು ಅಲರ್ಟ್ ಬರ್ತಿತ್ತು ಈಗ ಎಷ್ಟು, ಯಾರಿಗೆ ಟ್ರೈನಿಂಗ್ ಕೊಟ್ರಿ, ಯಾವ ರೂಟ್ ಬದಲಾಯಿಸಿದ್ರಿ, ಇದನ್ನ ಒಂದು ಪೇಜಲ್ಲಿ ಬರ್ಕೊಂಡು ಎರಡು ತಿಂಗಳು ಮುಂಚೆಯೇ ಬ್ರೋಕರ್ ಕೈಗೆ ಕೊಡಿ, ಕೊನೇ ವಾರದಲ್ಲಿ ಕೊಟ್ರೆ ಅದನ್ನ ಓದೋ ಪುರುಸೊತ್ತು ಯಾರಿಗೂ ಇರಲ್ಲ. ಆ್ಯಪ್ ಪಾಲಿಸಿ ತಗೊಳ್ಳೋರು ಸಹಿ ಹಾಕೋಕೆ ಮುಂಚೆ ಸ್ಕೋರ್ ಚೆನ್ನಾಗಿದ್ರೆ ಎಷ್ಟು ಬಿಡ್ತೀರಿ ಅಂತ ಮಾತ್ರ ಕೇಳ್ಬೇಡಿ, ಕೆಟ್ರೆ ಎಷ್ಟು ಏರಿಸ್ತೀರಿ ಅಂತ ಬರವಣಿಗೇಲಿ ಕೇಳಿ, ಎರಡನೇ ಪ್ರಶ್ನೆಗೆ ಉತ್ತರ ಬರೋವರ್ಗೂ ಪೆನ್ನು ಮುಟ್ಬೇಡಿ.