ರೊಟ್ಟಿಗೆ ಸೊನ್ನೆ, ಮೊಣಕಾಲಿಗೆ 18

ಜಿಎಸ್‌ಟಿ ಉಳಿತಾಯದ ಹಬ್ಬ ನೆನಪಿದೆಯಲ್ಲ? 2025ರ ಸೆಪ್ಟೆಂಬರ್ 22, ನವರಾತ್ರಿಯ ಮೊದಲ ದಿನ. ಚಪಾತಿ, ರೊಟ್ಟಿಗೆ ತೆರಿಗೆ ಸೊನ್ನೆ. ಪ್ಯಾಕೆಟ್ ಪನೀರಿಗೆ ಸೊನ್ನೆ. ದಾವಣಗೆರೆಯಲ್ಲಿ ರೊಟ್ಟಿ ಮನೆಯಲ್ಲೇ ಬಡಿಯುವುದರಿಂದ ನಮಗೆ ಅಂಥಾ ಲಾಭವೇನೂ ಆಗಲಿಲ್ಲ. ಆದರೂ ಹಬ್ಬ ಹಬ್ಬವೇ. ಅದೇ ದಿನ ಸದ್ದಿಲ್ಲದೆ ಇನ್ನೊಂದು ಕೆಲಸವೂ ಆಯಿತು. ವಿಮಾನದಲ್ಲಿ ಎಕಾನಮಿ ಬಿಟ್ಟು ಬೇರೆ ಯಾವ ಕ್ಲಾಸಿನಲ್ಲಿ ಕೂತರೂ ತೆರಿಗೆ 12ರಿಂದ ಶೇ 18ಕ್ಕೆ ಏರಿತು. ಎಕಾನಮಿಗೆ ಹಳೇ 5. ಕಾಲು ಚಾಚಿ ಮಲಗಿಕೊಂಡು ಹೋಗುವ ಸಾಹುಕಾರರಿಗೆ ತಾನೇ, ಕಟ್ಟಲಿ ಬಿಡಿ ಅಂದುಕೊಂಡಿರಾ? ಎಕಾನಮಿಗೂ ಬಿಸಿನೆಸ್ ಕ್ಲಾಸಿಗೂ ನಡುವಿನ ಪ್ರೀಮಿಯಂ ಎಕಾನಮಿಯೂ ಆ ಪಟ್ಟಿಯಲ್ಲೇ ಇದೆ.

ಹಾಗಾದರೆ ಸಾಹುಕಾರ ಅಂದರೆ ಯಾರು? ಲೆಕ್ಕ ಸುಲಭ. ಎಕಾನಮಿಯಲ್ಲಿ ಒಂದು ಸೀಟಿನ ಬೆನ್ನಿಂದ ಇನ್ನೊಂದು ಸೀಟಿನ ಬೆನ್ನಿಗೆ ಸಾಮಾನ್ಯವಾಗಿ 31, 32 ಇಂಚು. ಪ್ರೀಮಿಯಂ ಎಕಾನಮಿಯಲ್ಲಿ 38 ಇಂಚು. ನಡುವಿನ ವ್ಯತ್ಯಾಸ ಹೆಚ್ಚುಕಮ್ಮಿ ಆರು ಇಂಚು. ಹೆಬ್ಬೆರಳು ತೋರುಬೆರಳು ಅಗಲಿಸಿ ಹಿಡಿಯಿರಿ, ಒಂದು ಚೋಟು. ಸರ್ಕಾರದ ಪ್ರಕಾರ ಬಡವನಿಗೂ ಶ್ರೀಮಂತನಿಗೂ ನಡುವೆ ಇರುವುದು ಅಷ್ಟೇ. ಸಮಾನತೆಗೆ ಇಷ್ಟು ಹತ್ತಿರ ಬಂದ ದೇಶ ಇನ್ನೊಂದಿಲ್ಲ.

ಕುಂದವಾಡ ಕೆರೆ ಏರಿ ಮೇಲೆ ಬೆಳಗ್ಗೆ ವಾಕಿಂಗ್ ಹೋದರೆ ಈಗ ಇದೇ ಚರ್ಚೆ, ಪ್ರೀಮಿಯಂ ಎಕಾನಮಿ ಕೊಡಿಸಬೇಕಾ ಬೇಡವಾ ಅಂತ. ಮೊದಲು ಸಕ್ಕರೆ ಕಾಯಿಲೆ, ಅಡಿಕೆ ರೇಟು, ಭದ್ರಾ ನಾಲೆಗೆ ನೀರು ಬಿಟ್ಟರಾ ಅನ್ನೋ ಮಾತು ಇರುತ್ತಿತ್ತು. ಈಗ ಬೀದಿಗೆರಡು ಮನೆಯ ಮಕ್ಕಳು ಅಮೆರಿಕದಲ್ಲಿದ್ದಾರೆ. ಸೊಸೆಗೆ ಏಳು ತಿಂಗಳಾಯಿತು ಅಂದರೆ ಇಲ್ಲಿ ಅತ್ತೆ ಅಂಟಿನುಂಡೆಗೆ ಕೊಬ್ಬರಿ ತುರಿಯುತ್ತಾರೆ, ಮಾವ ಸೀಟಿನ ಇಂಚು ಅಳೆಯುತ್ತಾರೆ. "ಎಷ್ಟು ಜಾಸ್ತಿ ಆಗುತ್ತೇರಿ?" "ಒಂದೂವರೆ ಪಟ್ಟು. ಸೀಸನ್ನಲ್ಲಿ ಎರಡು ಪಟ್ಟು." "ಅಷ್ಟು ಕೊಟ್ಟರೆ ಏನ್ ಕೊಡ್ತಾರ್ರಿ?" "ಗಾಜಿನ ಲೋಟದಾಗೆ ಜ್ಯೂಸು ಕೊಡ್ತಾರಂತ್ರಿ!"

ಕೊಡುತ್ತಾರೆ, ಸುಳ್ಳಲ್ಲ. ಸ್ಟೀಲ್ ಚಮಚ ಕೊಡುತ್ತಾರೆ. ದಿಂಬು ಸ್ವಲ್ಪ ದಪ್ಪ. ಸೀಟು ಇನ್ನೊಂದಿಷ್ಟು ಹಿಂದಕ್ಕೆ ವಾಲುತ್ತದೆ. ಬಹಳ ಕಡೆ ಒಂದು ಸಣ್ಣ ಚೀಲವೂ ಸಿಗುತ್ತದೆ. ಅದರಲ್ಲಿ ಕಣ್ಣಿಗೆ ಕಟ್ಟಿಕೊಳ್ಳೋ ಪಟ್ಟಿ, ಕಾಲುಚೀಲ, ಎರಡು ಸಲ ಉಜ್ಜಿದರೆ ಮುಗಿಯುವ ಟೂತ್‌ಪೇಸ್ಟು. ನಮ್ಮ ಕಡೆಯ ಅಮ್ಮಂದಿರು ಆ ಪೇಸ್ಟನ್ನು ವಿಮಾನದಲ್ಲಿ ತೆಗೆಯುವುದಿಲ್ಲ. ವಾಪಸ್ ತಂದು ಬೀರುವಿನಲ್ಲಿ ಇಡುತ್ತಾರೆ. ಯಾರಾದರೂ ದೊಡ್ಡ ನೆಂಟರು ಬಂದಾಗ ಬೇಕಾಗುತ್ತದೆ.

ಒಂದು ಗುಟ್ಟು ಮಾತ್ರ ಯಾರೂ ಮೊದಲೇ ಹೇಳುವುದಿಲ್ಲ. ಪ್ರೀಮಿಯಂ ಎಕಾನಮಿಯಲ್ಲಿ ಊಟದ ತಟ್ಟೆ ಇಡೋ ಹಲಗೆ ಸಾಮಾನ್ಯವಾಗಿ ಕೈ ಇಡುವ ಜಾಗದ ಒಳಗೆ ಮಡಿಸಿರುತ್ತದೆ. ಹಾಗಾಗಿ ಆ ಕೈಪಟ್ಟಿ ಮೇಲಕ್ಕೆ ಏಳುವುದೇ ಇಲ್ಲ. ಹಿಂದಿನ ಸಾಲುಗಳಲ್ಲಿ, ಎಕಾನಮಿಯಲ್ಲಿ, ಅದೃಷ್ಟಕ್ಕೆ ಮೂರು ಸೀಟು ಖಾಲಿ ಸಿಕ್ಕ ಅಜ್ಜಿ ಕೈಪಟ್ಟಿಗಳನ್ನೆಲ್ಲ ಎತ್ತಿ, ಸೆರಗು ಹೊದ್ದು, ಗೊರಕೆ ಹೊಡೆಯುತ್ತಿರುತ್ತಾರೆ. ಎರಡು ಪಟ್ಟು ಕೊಟ್ಟ ತಾತ ಮುಂದೆ ನೆಟ್ಟಗೆ ಕೂತು ತೂಕಡಿಸುತ್ತಿರುತ್ತಾರೆ. ಪಕ್ಕದ ಸೀಟು ಖಾಲಿ ಇದ್ದರೂ ಅವರಿಗೆ ಪ್ರಯೋಜನವಿಲ್ಲ. ಶೇ 18 ಕಟ್ಟಿದ ಗೌರವ ಬೇರೆ ಇದೆಯಲ್ಲ.

ಈ ಕ್ಲಾಸು ಹುಟ್ಟಿದ್ದು 1990ರ ದಶಕದ ಮೊದಲಲ್ಲಿ, ತೈವಾನಿನ ಇವಿಎ ಏರ್ ಮತ್ತು ಬ್ರಿಟನ್ನಿನ ವರ್ಜಿನ್ ಅಟ್ಲಾಂಟಿಕ್ ಕಂಪನಿಗಳಲ್ಲಿ. ನಮ್ಮ ದೇಶಕ್ಕೆ 2015ರಲ್ಲಿ ವಿಸ್ತಾರಾ ಅನ್ನೋ ವಿಮಾನ ಕಂಪನಿ ತಂದಿತು. ಅದರ ಜೊತೆಜೊತೆಗೇ ವಿಮಾನದ ಹಿಂಭಾಗದಲ್ಲಿ ಏನು ನಡೆಯಿತು ನೋಡಿ. ಬೋಯಿಂಗ್ 777 ಬಂದ ಹೊಸದರಲ್ಲಿ ಎಕಾನಮಿಯ ಒಂದು ಸಾಲಿಗೆ ಒಂಬತ್ತು ಸೀಟು ಇರುತ್ತಿದ್ದವು. ಈಗ ಬಹಳಷ್ಟು ಕಂಪನಿಗಳಲ್ಲಿ ಹತ್ತು, ಮೂರು-ನಾಲ್ಕು-ಮೂರು. ವಿಮಾನ ದಪ್ಪ ಆಗಿಲ್ಲ, ಸೀಟು ತೆಳ್ಳಗಾಯಿತು. ಹದಿನೆಂಟೂವರೆ ಇಂಚು ಅಗಲ ಇದ್ದದ್ದು ಹದಿನೇಳರ ಹತ್ತಿರಕ್ಕೆ ಬಂತು. ಆ ಹಳೇ ಅಗಲ ಬೇಕು ಅಂದರೆ ಈಗ ಮುಂದಿನ ಕ್ಲಾಸಿಗೆ ಹೋಗಿ, ದುಡ್ಡು ಕೊಡಿ. ನಮ್ಮ ಜೇಬಿನಿಂದ ಕದ್ದ ಕರವಸ್ತ್ರವನ್ನು ಇಸ್ತ್ರಿ ಮಾಡಿ ನಮಗೇ ಮಾರುವ ವ್ಯಾಪಾರ ಇದು. ವ್ಯಾಪಾರ ಬುದ್ಧಿಗೆ ಕೈ ಮುಗಿಯಬೇಕು ಸ್ವಾಮಿ.

ಅಮೆರಿಕದಲ್ಲೂ ಈ ಜಗಳ ಕೋರ್ಟಿಗೆ ಹೋಗಿತ್ತು. 2017ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಇದನ್ನು ನಂಬಲಾಗದಷ್ಟು ಕುಗ್ಗುವ ವಿಮಾನದ ಸೀಟಿನ ಪ್ರಕರಣ ಅಂತಲೇ ಕರೆಯಿತು. ಮರುವರ್ಷ ಅಲ್ಲಿನ ಸಂಸತ್ತು, ಸೀಟಿಗೆ ಕನಿಷ್ಠ ಅಳತೆ ಗೊತ್ತುಮಾಡಿ ಅಂತ ಕಾನೂನನ್ನೇ ಮಾಡಿತು. ಆಮೇಲೆ ವಿಮಾನಯಾನ ಇಲಾಖೆಯವರು ಪರೀಕ್ಷೆಗೆ ಕೂತರು. ಸೀಟು ಇಕ್ಕಟ್ಟಾದರೆ ಅಪಘಾತದ ಹೊತ್ತಲ್ಲಿ ಜನ ಬೇಗ ಹೊರಗೆ ಬರುತ್ತಾರಾ? ಒಕ್ಲಹಾಮದಲ್ಲಿ 775 ಜನರನ್ನು ಕೂರಿಸಿ ಎಬ್ಬಿಸಿ ಓಡಿಸಿದರು. ಇಕ್ಕಟ್ಟಿನಿಂದ ಏನೂ ತೊಂದರೆ ಇಲ್ಲ ಅಂತ ವರದಿ ಬಂತು.

ಓಡಿದ 775 ಜನ ಯಾರು ಗೊತ್ತಾ? ಎಲ್ಲರೂ 18ರಿಂದ 60 ವರ್ಷದೊಳಗಿನವರು. ಗಟ್ಟಿಮುಟ್ಟಾದವರು. ಮಕ್ಕಳಿಲ್ಲ. ಮುದುಕರಿಲ್ಲ. ಮಂಡಿ ಆಪರೇಷನ್ ಆದವರಿಲ್ಲ.

ಬಾಣಂತನಕ್ಕೆ ಹೋಗುವವರು ಯಾರ್ರಿ ಹಾಗಾದರೆ? ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಎಲ್ಲೂ ಇಳಿಯದೆ ಹಾರಿದರೂ ಹದಿನಾರು, ಹದಿನೇಳು ಗಂಟೆ. ಅಷ್ಟು ಹೊತ್ತು ಅರವತ್ತೆಂಟು ವರ್ಷದ ಹೆಂಗಸು ಮಂಡಿ ಮಡಿಸಿಕೊಂಡು ಕೂರುತ್ತಾಳೆ. ಎದ್ದು ಓಡಾಡಬೇಕು, ಇಲ್ಲದಿದ್ದರೆ ಕಾಲಿನ ರಕ್ತ ಹೆಪ್ಪುಗಟ್ಟಬಹುದು ಅಂತ ಡಾಕ್ಟರು ಹೇಳಿರುತ್ತಾರೆ. ಪಕ್ಕದಲ್ಲಿ ಇಬ್ಬರು ಮಲಗಿದ್ದಾರೆ, ಅವರನ್ನು ಎಬ್ಬಿಸಲು ಇಂಗ್ಲಿಷ್ ಬರುವುದಿಲ್ಲ, ಸಂಕೋಚ. ಕುಡಿದರೆ ಎದ್ದು ಹೋಗಬೇಕಲ್ಲ ಅಂತ ನೀರನ್ನೇ ಕುಡಿಯುವುದಿಲ್ಲ. ಇಳಿಯುವಾಗ ಪಾದ ಊದಿ ಚಪ್ಪಲಿಗೆ ಹಿಡಿಸುವುದಿಲ್ಲ. ಇವಳಿಗೆ ಆರು ಇಂಚು ಜಾಸ್ತಿ ಕೊಡಿಸಿದರೆ ಅದು ಐಷಾರಾಮ. ಶೇ 18. ನಗಬೇಕೋ ಬೈಯಬೇಕೋ ತಿಳಿಯುವುದಿಲ್ಲ. ನನಗಂತೂ ಬೈಯುವ ಶಕ್ತಿಯೂ ಉಳಿದಿಲ್ಲ.

ಇರಲಿ, ಲೆಕ್ಕಕ್ಕೆ ಬರೋಣ. ಕೆರೆ ಏರಿಯ ಮಾವಂದಿರು ಉತ್ತರಕ್ಕೆ ಕಾಯುತ್ತಿದ್ದಾರೆ.

ಕಂಪನಿ ಟಿಕೆಟ್ ಕೊಡಿಸಿದರೆ ಪ್ರಶ್ನೆಯೇ ಇಲ್ಲ, ಹೋಗಿ ಕೂತುಕೊಳ್ಳಿ. ದುಬೈಗಾದರೆ ಸುಮ್ನೆ ದುಡ್ಡು ದಂಡ. ಬೆಂಗಳೂರಿನಿಂದ ದುಬೈಗೆ ನಾಲ್ಕು ಗಂಟೆ, ದಾವಣಗೆರೆಯಿಂದ ಬೆಂಗಳೂರಿಗೆ ಬಸ್ಸಲ್ಲಿ ಐದು. ಬಸ್ಸಲ್ಲಿ ಕೂತ ಮಂಡಿ ವಿಮಾನದಲ್ಲೂ ಕೂರುತ್ತದೆ. ಅಮೆರಿಕಕ್ಕೆ, ಅದೂ ಮಂಡಿ ನೋವಿರುವ ಅಮ್ಮನಿಗೆ ಅಂದರೆ, ಕೊಡಿಸಿ. ಹೋಗುವಾಗ ರಾತ್ರಿ ವಿಮಾನವಾದರೆ ಹೋಗುವುದಕ್ಕೆ ಮಾತ್ರ ಕೊಡಿಸಿದರೂ ನಡೆದೀತು. ಅಪ್ಪ ಹಿಂದೆ ಕೂರಲಿ, ಕಾಲು ಚಾಚೋಕೆ ನಡುದಾರಿ ಪಕ್ಕದ ಸೀಟು ಮೊದಲೇ ಹಿಡಿಯಲಿ. ಅದಕ್ಕೂ ಬೇರೆ ದುಡ್ಡು ಕೇಳುತ್ತಾರೆ. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದು ಬೆಳೆದ ಮನುಷ್ಯನಿಗೆ ಇದು ದೊಡ್ಡ ಅವಮಾನ, ನಿಜ.

ಆಮೇಲೆ ದೇವನಹಳ್ಳಿ ತನಕ ಹೋಗುವ ದಾರಿಯದೂ ಯೋಚನೆ ಮಾಡಿ. ತುಮಕೂರು-ಚಿತ್ರದುರ್ಗ-ದಾವಣಗೆರೆ ನೇರ ರೈಲು ಮಾರ್ಗ ಮಂಜೂರಾಗಿದ್ದು 2011-12ರ ಬಜೆಟ್ಟಿನಲ್ಲಿ. ಆಗ ಒಂದನೇ ಕ್ಲಾಸಿಗೆ ಸೇರಿದ ಹುಡುಗರು ಎಸ್ಸೆಸ್ಸೆಲ್ಸಿ ಮುಗಿಸಿದರು. ನಮ್ಮ ರೈಲು ಇವತ್ತಿಗೂ ಚಿಕ್ಕಜಾಜೂರು, ಬೀರೂರು, ಅರಸೀಕೆರೆ ಸುತ್ತಿಕೊಂಡೇ ಬೆಂಗಳೂರು ಸೇರುತ್ತದೆ. ಹಾಗಾಗಿ ಅಮ್ಮನನ್ನು ಪ್ರೀಮಿಯಂ ಎಕಾನಮಿಯಲ್ಲಿ ಕಳಿಸುವವರು ಇಲ್ಲಿಂದ ಒಂದು ಕಾರನ್ನೂ ಮಾಡಿಬಿಡಿ. ದುಡ್ಡೆಲ್ಲ ಟಿಕೆಟ್ಟಿಗೆ ಸುರಿದು ರಾತ್ರಿ ಸ್ಲೀಪರ್ ಬಸ್ಸಿಗೆ ಹತ್ತಿಸಿದಿರೋ, ಮೇಲಿನ ಬರ್ತ್ ಬಂದರೆ ಆ ಮಂಡಿ ಹಿರಿಯೂರಿಗೇ ಕೈ ಕೊಡುತ್ತದೆ.