ಬರೆಯೋರು ಒಬ್ಬರು, ಒದ್ದಾಡೋರು ಇನ್ನೊಬ್ಬರು

ಕಾಯ್ದೆ ಬರೆಯುವವರ ಮೇಲೆ ನನಗೆ ಸಿಕ್ಕಾಪಟ್ಟೆ ಸಿಟ್ಟಿದೆ. ‘ಸಕ್ಷಮ ಪ್ರಾಧಿಕಾರವು ಸೂಕ್ತ ಕ್ರಮ ಕೈಗೊಳ್ಳತಕ್ಕದ್ದು’ ಅಂತ ಬರೆದು ಪೆನ್ನು ಮುಚ್ಚಿಬಿಡುತ್ತಾರೆ. ಯಾವ ಪ್ರಾಧಿಕಾರ? ಸೂಕ್ತ ಅಂದರೆ ಏನು? ಎಷ್ಟು ದಿನದೊಳಗೆ? ದುಡ್ಡು ಯಾರಪ್ಪ ಕೊಡೋದು? ಅದೆಲ್ಲ ‘ನಿಯಮಗಳಲ್ಲಿ ಗೊತ್ತುಪಡಿಸಿದಂತೆ’. ಆ ನಿಯಮ ಯಾವಾಗ ಬರುತ್ತೆ ಅಂತ ಮಾತ್ರ ಕೇಳಬೇಡಿ. ಅಲ್ಲಿಯವರೆಗೆ ಒಂದು ಕಚೇರಿಯವರು ತಮಗೆ ತೋಚಿದ ಅರ್ಥ ಮಾಡಿಕೊಳ್ಳುತ್ತಾರೆ, ಇನ್ನೊಂದು ಕಚೇರಿಯವರು ಅದಕ್ಕೆ ಉಲ್ಟಾ, ಕೊನೆಗೆ ಕೋರ್ಟು ಮೂರನೇ ಅರ್ಥ ಹೇಳುವಷ್ಟರಲ್ಲಿ ಅರ್ಜಿ ಹಾಕಿದವರಿಗೆ ಸಾಕುಸಾಕಾಗಿರುತ್ತೆ.

ಇದೇನು ಹೊಸದಲ್ಲ. ಅಮೆರಿಕದಲ್ಲಿ 1920ರಲ್ಲಿ ಮದ್ಯ ನಿಷೇಧ ಜಾರಿಗೆ ಬಂತು. ಅಷ್ಟು ದೊಡ್ಡ ದೇಶ ಕಾಯಲು ಶುರುವಿನಲ್ಲಿ ಕೊಟ್ಟ ಕೇಂದ್ರದ ಏಜೆಂಟರು ಸುಮಾರು 1,500 ಜನ. ಮೇಲಾಗಿ ಡಾಕ್ಟರ ಚೀಟಿ ಇದ್ದರೆ ವಿಸ್ಕಿ ಸಿಗುತ್ತಿತ್ತು! ಕೆಲಸ ಆಗಲಿಲ್ಲ ಅಂತ 1929ರಲ್ಲಿ ಶಿಕ್ಷೆ ಜಾಸ್ತಿ ಮಾಡಿದರು. 1933ರಲ್ಲಿ ನಿಷೇಧವನ್ನೇ ತೆಗೆದರು.

ಜಾರಿ ಮಾಡಬೇಕಾದ ಇಲಾಖೆಯವರನ್ನು ಕರಡಿನ ಹಂತದಲ್ಲೇ ಕೂರಿಸಿಕೊಂಡು, ‘ಇದು ನಿಮ್ಮ ಕೈಲಿ ಆಗುತ್ತಾ, ಎಷ್ಟು ಜನ ಬೇಕು, ಸ್ಯಾಂಪಲ್ ತಂದರೆ ಪರೀಕ್ಷೆ ಮಾಡೋಕೆ ಲ್ಯಾಬ್ ಇದೆಯಾ’ ಅಂತ ಕೇಳಿದರೆ ಇವರ ಗಂಟೇನು ಹೋಗುತ್ತೆ? ಕೇಳಲ್ಲ. ಸುಮ್ನೆ ದಂಡ ಏರಿಸಿ ತಿದ್ದುಪಡಿ ತರುತ್ತಾರೆ. ವಸೂಲಿ ಯಾರು ಮಾಡಬೇಕು ಅನ್ನೋದನ್ನ ಅದರಲ್ಲೂ ಬರೆದಿರಲ್ಲ.